ಹೋದ ವರ್ಷ ಎಷ್ಟಿತ್ತು?

ಮಳೆಗಾಲ ಬಂತೆಂದರೆ ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟವನ್ನು ನೀವೆಲ್ಲ ಬಾನುಲಿಯಲ್ಲಿ ಕಿವಿಗೊಟ್ಟು ಕೇಳುತ್ತೀರಿ. ಇಂದಿನ ಮಟ್ಟ 100 ಅಡಿ ಎಂದರೆ ಮಂಡ್ಯದ ರೈತರು ಅಷ್ಟಕ್ಕೇ ಸುಮ್ಮನಾಗುವುದಿಲ್ಲ. ಒಳಹರಿವು ಎಷ್ಟು, ಹೊರಹರಿವು ಎಷ್ಟು, ಹೋದ ವರ್ಷ ಇದೇ ದಿನ ಎಷ್ಟಿತ್ತು ಎಂದೆಲ್ಲ ಕೇಳುತ್ತಾರೆ. ಜುಲೈ ತಿಂಗಳಲ್ಲಿ ಏರುತ್ತಿರುವ 100 ಅಡಿಗೂ ಜನವರಿಯಲ್ಲಿ ಇಳಿಯುತ್ತಿರುವ 100 ಅಡಿಗೂ ಎಷ್ಟು ಅಂತರವಿದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅದೇ ರೈತರು ಲ್ಯಾಬಿನ ರಿಪೋರ್ಟು ಹಿಡಿದು ನನ್ನೆದುರು ಕೂತಾಗ, ದಪ್ಪಕ್ಷರದಲ್ಲಿ ಅಚ್ಚಾದ ಒಂದೇ ಒಂದು ಅಂಕಿಗೆ ಬೆದರಿರುತ್ತಾರೆ. “ನಂಬರ್ ಜಾಸ್ತಿ ಬಂದಿದೆ ಡಾಕ್ಟ್ರೇ” ಎನ್ನುತ್ತಾರೆ. “ಹೋದ ವರ್ಷ ಎಷ್ಟಿತ್ತು?” ಎಂದು ಕೇಳಿದರೆ, “ಆಗ ನಾರ್ಮಲ್ ಅಂದಿದ್ರು, ರಿಪೋರ್ಟು ಎಲ್ಲಿ ಹೋಯ್ತೋ ಗೊತ್ತಿಲ್ಲ” ಎಂಬ ಉತ್ತರ ಬರುತ್ತದೆ.

ಮೂತ್ರಾಂಗಗಳ ಕಾಯಿಲೆಗಳನ್ನು ನೋಡಿಕೊಳ್ಳುವ ವೈದ್ಯನಾಗಿ ಇಂದು ನಾನು ಹೇಳಬೇಕೆಂದಿರುವುದು ಈ ಪ್ರಶ್ನೆಯ ಬಗ್ಗೆಯೇ. ಪ್ರಾಸ್ಟೇಟ್ ಗ್ರಂಥಿಯ ತೊಂದರೆ ಇರಲಿ, ಕಿಡ್ನಿಯ ಕಲ್ಲಿರಲಿ, ಗಂಡಸರ ಹಾರ್ಮೋನಿನ ಕೊರತೆ ಇರಲಿ, ರಕ್ತದಲ್ಲಿ ಮತ್ತು ಮೂತ್ರದಲ್ಲಿ ಅಳೆಯಬಹುದಾದ ಕೆಲವು ಪದಾರ್ಥಗಳು ಕಾಯಿಲೆಯ ನಡೆಯನ್ನು ತೋರಿಸುತ್ತವೆ. ಸಕ್ಕರೆ, ಯೂರಿಕ್ ಆಸಿಡ್, ಕ್ಯಾಲ್ಸಿಯಂ, ಸಿಟ್ರೇಟ್‌ನಂಥವು ನಮ್ಮ ಚಯಾಪಚಯದ, ಅಂದರೆ ಉಂಡದ್ದು ಮೈಯಲ್ಲಿ ಏನಾಗುತ್ತದೆ ಎಂಬುದರ ಗುರುತುಗಳು. ಟೆಸ್ಟೊಸ್ಟೆರೋನ್, ಪ್ಯಾರಾಥೈರಾಯ್ಡ್ ಹಾರ್ಮೋನ್ ಇವು ಗ್ರಂಥಿಗಳ ಗುರುತುಗಳು. ಇವುಗಳನ್ನು ಸಾಲಾಗಿ, ಕಾಲಕಾಲಕ್ಕೆ, ಒಂದರ ಪಕ್ಕ ಒಂದಿಟ್ಟು ಓದಿದರೆ ಮಾತ್ರ ಅರ್ಥ ಸಿಗುತ್ತದೆ.

ಮೂತ್ರ ನೋಡಿ ಕಾಯಿಲೆ ತಿಳಿಯುವ ಪ್ರಯತ್ನ ನಮ್ಮಲ್ಲಿ ಬಹಳ ಹಳೆಯದು. ಮೂತ್ರಕ್ಕೆ ಇರುವೆ ಮುತ್ತಿದರೆ ಅದು ಮಧುಮೇಹ ಎಂಬುದು ಪ್ರಾಚೀನ ವೈದ್ಯರಿಗೆ ಗೊತ್ತಿತ್ತು. ಆದರೆ ಹಾರ್ಮೋನುಗಳ ಮಾತು ಬೇರೆ. ಅವು ರಕ್ತದಲ್ಲಿ ಎಷ್ಟು ಅಲ್ಪ ಪ್ರಮಾಣದಲ್ಲಿರುತ್ತವೆ ಎಂದರೆ, ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಅವನ್ನು ನಂಬಿಕೆಯಿಂದ ಅಳೆಯುವ ದಾರಿಯೇ ಇರಲಿಲ್ಲ. ನ್ಯೂಯಾರ್ಕ್ ನಗರದ ಬ್ರಾಂಕ್ಸ್‌ನಲ್ಲಿ ಮಾಜಿ ಸೈನಿಕರ ಆಸ್ಪತ್ರೆಯೊಂದಿದೆ. ಅಲ್ಲಿ ಕೆಲಸ ಮಾಡುತ್ತಿದ್ದ ಭೌತವಿಜ್ಞಾನಿ ರೋಸಲಿನ್ ಯಾಲೋ ಮತ್ತು ವೈದ್ಯ ಸಾಲೊಮನ್ ಬರ್ಸನ್ 1950ರ ದಶಕದ ಕೊನೆಯಲ್ಲಿ ವಿಕಿರಣದ ಗುರುತು ಹಚ್ಚಿದ ಅಣುಗಳಿಂದ ಇನ್ಸುಲಿನ್ ಅಳೆಯುವ ವಿಧಾನ ರೂಪಿಸಿದರು. ಇಂದು ತಾಲ್ಲೂಕು ಕೇಂದ್ರದ ಲ್ಯಾಬಿನಲ್ಲೂ ಆಗುವ ಹಾರ್ಮೋನ್ ಪರೀಕ್ಷೆಗಳ ಮೂಲ ಅಲ್ಲಿದೆ. ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಬಂತು. ಅಷ್ಟರಲ್ಲಿ ಬರ್ಸನ್ ತೀರಿಕೊಂಡಿದ್ದರು. ಅದೇ ವರ್ಷದ ಬಹುಮಾನದಲ್ಲಿ ಪಾಲು ಪಡೆದ ಇನ್ನಿಬ್ಬರಲ್ಲಿ ಒಬ್ಬರು ಆಂಡ್ರ್ಯೂ ಶಾಲಿ. ಗಂಡಸರ ಹಾರ್ಮೋನಿಗೆ ಮೆದುಳಿನಿಂದ ಬರುವ ಆಜ್ಞೆಯ ರಾಸಾಯನಿಕ ರಚನೆಯನ್ನು ಬಿಡಿಸಿದವರು. ಪ್ರಾಸ್ಟೇಟ್ ಕ್ಯಾನ್ಸರಿಗೆ ಇಂದು ನಾವು ಮೂರು ತಿಂಗಳಿಗೋ ಆರು ತಿಂಗಳಿಗೋ ಒಮ್ಮೆ ಕೊಡುವ ಇಂಜೆಕ್ಷನ್ ಆ ತಿಳಿವಳಿಕೆಯಿಂದ ಹುಟ್ಟಿದ್ದು. ಅಳೆಯುವವರಿಗೂ ಮದ್ದಿಗೆ ದಾರಿ ಮಾಡಿದವರಿಗೂ ಒಂದೇ ಬಹುಮಾನ ಹಂಚಿಹೋದದ್ದು ನನಗೆ ಬಹಳ ಸರಿ ಎನಿಸುತ್ತದೆ, ಏಕೆಂದರೆ ನಮ್ಮ ಕೆಲಸದಲ್ಲಿ ಇವೆರಡನ್ನು ಬೇರ್ಪಡಿಸಲು ಆಗುವುದಿಲ್ಲ.

ಪ್ರಾಸ್ಟೇಟ್ ವಿಷಯಕ್ಕೆ ಬರೋಣ. ಮೂತ್ರಕೋಶದ ಕೆಳಗೆ, ಮೂತ್ರದ ದಾರಿಯನ್ನು ಸುತ್ತಿಕೊಂಡಿರುವ ಗ್ರಂಥಿ ಇದು. ಇದು ಬೆಳೆಯುವುದೂ ಕುಗ್ಗುವುದೂ ಗಂಡಸಿನ ಹಾರ್ಮೋನಾದ ಟೆಸ್ಟೊಸ್ಟೆರೋನಿನ ಕೈಯಲ್ಲಿದೆ. ಇದನ್ನು ಮನುಷ್ಯರಲ್ಲಿ ತೋರಿಸಿಕೊಟ್ಟವರು ಶಿಕಾಗೊ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ಚಾರ್ಲ್ಸ್ ಹಗಿನ್ಸ್. ಕ್ಯಾನ್ಸರ್ ಎಲುಬಿಗೆ ಹರಡಿ ನೋವಿನಿಂದ ಹಾಸಿಗೆ ಹಿಡಿದಿದ್ದ ರೋಗಿಗಳು ಆಗ ಅವರ ಮುಂದಿದ್ದರು. ಅಂಥವರ ರಕ್ತದಲ್ಲಿ ಆಸಿಡ್ ಫಾಸ್ಫಟೇಸ್ ಎಂಬ ಕಿಣ್ವ ಹೆಚ್ಚಿರುತ್ತದೆ ಎಂಬುದು ಕೆಲವೇ ವರ್ಷಗಳ ಹಿಂದೆ ಗೊತ್ತಾಗಿತ್ತು. ಹಗಿನ್ಸ್ ಮತ್ತು ಅವರ ಸಹೋದ್ಯೋಗಿ ಕ್ಲಾರೆನ್ಸ್ ಹಾಜಸ್ ವೃಷಣಗಳನ್ನು ತೆಗೆದರು, ಇಲ್ಲವೇ ಈಸ್ಟ್ರೊಜೆನ್ ಕೊಟ್ಟರು. ಕಿಣ್ವದ ಮಟ್ಟ ಇಳಿಯಿತು. ಟೆಸ್ಟೊಸ್ಟೆರೋನ್ ಚುಚ್ಚಿದಾಗ ಮತ್ತೆ ಏರಿತು. ಮಟ್ಟ ಇಳಿದವರಲ್ಲಿ ಅನೇಕರಿಗೆ ಎಲುಬಿನ ನೋವೂ ಇಳಿಯಿತು. 1941ರಲ್ಲಿ ಪ್ರಕಟವಾದ ಈ ಕೆಲಸಕ್ಕೆ 1966ರಲ್ಲಿ ನೊಬೆಲ್ ಬಂತು.

ಕ್ಯಾನ್ಸರ್ ಒಂದು ಹಾರ್ಮೋನಿನ ಮೇಲೆ ಬದುಕುತ್ತಿದೆ ಎಂಬ ಆ ದೊಡ್ಡ ಸಂಗತಿ ಹಗಿನ್ಸ್‌ಗೆ ಕಂಡದ್ದು ಹೇಗೆ ಎಂಬುದನ್ನು ಗಮನಿಸಿ. ಒಂದು ದಿನದ ರಕ್ತದಲ್ಲಿ ಅದು ಕಾಣಲಿಲ್ಲ. ಅದೇ ರೋಗಿಯ ರಕ್ತವನ್ನು ಚಿಕಿತ್ಸೆಗೆ ಮೊದಲು, ಚಿಕಿತ್ಸೆಯ ನಂತರ, ಮತ್ತೆ ಮತ್ತೆ ತೆಗೆದು ಅಂಕಿಗಳನ್ನು ಸಾಲಾಗಿ ಇಟ್ಟಾಗ ಕಂಡಿತು.

ಆಸಿಡ್ ಫಾಸ್ಫಟೇಸಿನ ಜಾಗಕ್ಕೆ ಈಗ ಪಿಎಸ್‌ಎ ಬಂದಿದೆ. ನಿಮ್ಮಲ್ಲಿ ಐವತ್ತು ದಾಟಿದ ಅನೇಕರು ಈ ಹೆಸರು ಕೇಳಿರುತ್ತೀರಿ. ಪಿಎಸ್‌ಎ ಹಾರ್ಮೋನಲ್ಲ. ಪ್ರಾಸ್ಟೇಟ್ ತಯಾರಿಸುವ ಒಂದು ಪ್ರೋಟೀನು. ಆದರೆ ಅದರ ತಯಾರಿಕೆ ಟೆಸ್ಟೊಸ್ಟೆರೋನಿನ ಹತೋಟಿಯಲ್ಲಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1986ರಲ್ಲಿ ಈ ಪರೀಕ್ಷೆಗೆ ಒಪ್ಪಿಗೆ ಕೊಟ್ಟದ್ದು ಆಗಲೇ ಕ್ಯಾನ್ಸರ್ ಇದ್ದವರ ಮೇಲೆ ನಿಗಾ ಇಡಲು. ಕ್ಯಾನ್ಸರ್ ಪತ್ತೆಗೆ ನೆರವಾಗಲು ಒಪ್ಪಿಗೆ ಸಿಕ್ಕಿದ್ದು 1994ರಲ್ಲಿ. ನಿಗಾ ಇಡುವ ಕೆಲಸದಲ್ಲಿ ಪಿಎಸ್‌ಎಗೆ ಸಮನಾದದ್ದು ಕಡಿಮೆ. ಪತ್ತೆಯ ಕೆಲಸದಲ್ಲಿ ಅದು ಆಗಾಗ ದಾರಿ ತಪ್ಪಿಸುತ್ತದೆ. ವಯಸ್ಸಿನಿಂದ ಗ್ರಂಥಿ ಸಾಧುವಾಗಿ ಊದಿಕೊಂಡರೂ ಪಿಎಸ್‌ಎ ಏರುತ್ತದೆ. ಉರಿಮೂತ್ರದ ಸೋಂಕಾದರೆ ಒಮ್ಮೆಲೇ ಹಲವು ಪಟ್ಟು ಹಾರಬಹುದು. ಮೂತ್ರ ಕಟ್ಟಿ ನಳಿಕೆ ಹಾಕಿಸಿಕೊಂಡವರಲ್ಲೂ ಏರುತ್ತದೆ. ಇಂಥ ಸಂದರ್ಭದಲ್ಲಿ ಸೋಂಕು ವಾಸಿಯಾಗಿ ಆರೆಂಟು ವಾರ ಕಳೆದ ಮೇಲೆ ಮತ್ತೊಮ್ಮೆ ನೋಡಬೇಕು. ಅಲ್ಲಿಯವರೆಗೆ ರೋಗಿಯೂ ಮನೆಯವರೂ ಕ್ಯಾನ್ಸರ್ ಎಂದು ಕುಗ್ಗಿಹೋಗಬಾರದು. ಜ್ವರ ಬಂದಾಗ ಮಾಡಿಸಿದ ಪ್ಯಾಕೇಜ್ ಪರೀಕ್ಷೆಯೊಳಗೆ ಪಿಎಸ್‌ಎಯೂ ಸೇರಿಕೊಂಡು, ಅದರಿಂದ ನಿದ್ದೆಗೆಟ್ಟು ಬರುವ ಹಿರಿಯರನ್ನು ನಾನು ಪದೇ ಪದೇ ನೋಡುತ್ತೇನೆ. ಅಂಥ ಪ್ಯಾಕೇಜುಗಳ ಬಗ್ಗೆ ನನಗೆ ಬೇಸರವಿದೆ. ಯಾವ ಪರೀಕ್ಷೆ ಯಾಕೆ, ಯಾವಾಗ ಎಂದು ಕೇಳದೆ ರಕ್ತ ಎಳೆದರೆ ಉಪಕಾರಕ್ಕಿಂತ ಅಪಕಾರ ಹೆಚ್ಚು. ಎಪ್ಪತ್ತು ದಾಟಿದ, ಯಾವ ತೊಂದರೆಯೂ ಇಲ್ಲದ ಹಿರಿಯರಿಗೆ ಪಿಎಸ್‌ಎಯನ್ನು ರೂಢಿಯಂತೆ ಮಾಡಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ.

ಇನ್ನು ಕ್ಯಾನ್ಸರ್ ಖಚಿತವಾಗಿ ಚಿಕಿತ್ಸೆ ಪಡೆದವರ ಮಾತು. ಪಿಎಸ್‌ಎ ರಕ್ತದಲ್ಲಿ ಎರಡು ಮೂರು ದಿನಕ್ಕೆ ಅರ್ಧದಷ್ಟಾಗುತ್ತಾ ಹೋಗುತ್ತದೆ. ಆದ್ದರಿಂದ ಪ್ರಾಸ್ಟೇಟನ್ನು ಪೂರ್ತಿಯಾಗಿ ತೆಗೆದ ಮೇಲೆ ಆರು ವಾರದ ಹೊತ್ತಿಗೆ ಅದು ಬಹುತೇಕ ಸೊನ್ನೆಗೆ ಬಂದಿರಬೇಕು. ಆಮೇಲೆ ಎರಡು ಸಲ ನೋಡಿದಾಗಲೂ ಮಿಲಿಲೀಟರಿಗೆ 0.2 ನ್ಯಾನೊಗ್ರಾಂ ಮುಟ್ಟಿದರೆ ಕಾಯಿಲೆ ಎಲ್ಲೋ ಉಳಿದಿದೆ ಎಂದು ಲೆಕ್ಕ. ಸ್ಕ್ಯಾನಿನಲ್ಲಿ ಏನೂ ಕಾಣುವ ಮೊದಲೇ, ರೋಗಿಗೆ ಏನೂ ಅನಿಸುವ ಮೊದಲೇ ರಕ್ತ ಇದನ್ನು ಹೇಳಿಬಿಡುತ್ತದೆ. ಗ್ರಂಥಿಯನ್ನು ತೆಗೆಯದೆ ವಿಕಿರಣ ಕೊಟ್ಟಿದ್ದರೆ ಲೆಕ್ಕ ಬೇರೆ. ಅಲ್ಲಿ ಪಿಎಸ್‌ಎ ನಿಧಾನವಾಗಿ ಇಳಿದು ಒಂದು ತಳ ಮುಟ್ಟುತ್ತದೆ. ಆ ತಳದಿಂದ 2 ನ್ಯಾನೊಗ್ರಾಂ ಮೇಲೇರಿದರೆ ಎಚ್ಚರಿಕೆ. ಹಾಗಾಗಿ 0.5 ಎಂಬ ಅಂಕಿ ಶಸ್ತ್ರಚಿಕಿತ್ಸೆಯಾದವರಿಗೆ ಕೆಟ್ಟ ಸುದ್ದಿ, ವಿಕಿರಣವಾದವರಿಗೆ ಒಳ್ಳೆಯ ಸುದ್ದಿ. ಪಕ್ಕದ ಮನೆಯವರ ರಿಪೋರ್ಟಿನ ಜೊತೆ ನಿಮ್ಮದನ್ನು ಹೋಲಿಸಬೇಡಿ ಎಂದು ನಾವು ಹೇಳುವುದು ಇದಕ್ಕೇ.

ಕಾಯಿಲೆ ಹರಡಿದವರಿಗೆ ಹಾರ್ಮೋನ್ ತಗ್ಗಿಸುವ ಚಿಕಿತ್ಸೆ ಇದೆ. ಇಂಜೆಕ್ಷನ್ ತೆಗೆದುಕೊಳ್ಳಬಹುದು, ಇಲ್ಲವೇ ಒಂದೇ ಸಲಕ್ಕೆ ವೃಷಣ ತೆಗೆಸಿಕೊಳ್ಳಬಹುದು. ಖರ್ಚು ಕಡಿಮೆ, ಮತ್ತೆ ಮತ್ತೆ ಊರಿಂದ ಬರುವ ತಾಪತ್ರಯ ಇಲ್ಲ ಎಂದು ನಮ್ಮಲ್ಲಿ ಎರಡನೆಯದನ್ನು ಆರಿಸಿಕೊಳ್ಳುವವರು ಬಹಳ ಮಂದಿ. ಅದು ಸರಿಯಾದ ಚಿಕಿತ್ಸೆಯೇ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಇಂಥವರಲ್ಲಿ ಪಿಎಸ್‌ಎ ಒಂದನ್ನೇ ನೋಡಿದರೆ ಸಾಲದು, ಪಕ್ಕದಲ್ಲಿ ಟೆಸ್ಟೊಸ್ಟೆರೋನೂ ಇರಬೇಕು. ಚಿಕಿತ್ಸೆ ಕೆಲಸ ಮಾಡುತ್ತಿದ್ದರೆ ಟೆಸ್ಟೊಸ್ಟೆರೋನ್ ಡೆಸಿಲೀಟರಿಗೆ 50 ನ್ಯಾನೊಗ್ರಾಂ ಒಳಗಿರುತ್ತದೆ. ಪಿಎಸ್‌ಎ ಏರಿದೆ, ಟೆಸ್ಟೊಸ್ಟೆರೋನೂ ಏರಿದೆ ಎಂದರೆ ಇಂಜೆಕ್ಷನ್ ತಪ್ಪಿಹೋಗಿದೆ ಅಥವಾ ಸರಿಯಾಗಿ ಹತ್ತಿಲ್ಲ. ಹಬ್ಬ, ಮದುವೆ, ಕೊಯ್ಲು ಎಂದು ಒಂದು ಡೋಸ್ ಮುಂದಕ್ಕೆ ಹೋಗಿರುತ್ತದೆ, ಅಷ್ಟೆ. ಅದೇ ಟೆಸ್ಟೊಸ್ಟೆರೋನ್ ತಳದಲ್ಲೇ ಇದ್ದು ಪಿಎಸ್‌ಎ ಮಾತ್ರ ಏರುತ್ತಿದ್ದರೆ, ಕ್ಯಾನ್ಸರ್ ಆ ಕಡಿಮೆ ಹಾರ್ಮೋನಿನಲ್ಲೂ ಬದುಕಲು ಕಲಿತಿದೆ ಎಂದರ್ಥ. ಆಗ ಬೇರೆ ಮದ್ದು ಬೇಕು. ಹೊರನೋಟಕ್ಕೆ ಒಂದೇ ತರಹದ ಏರಿಕೆ, ಆದರೆ ಒಂದಕ್ಕೆ ಮದ್ದು ತಪ್ಪಿಸದಿರುವುದೇ ಪರಿಹಾರ, ಇನ್ನೊಂದಕ್ಕೆ ಚಿಕಿತ್ಸೆಯನ್ನೇ ಬದಲಿಸಬೇಕು.

ಹಾರ್ಮೋನ್ ತಗ್ಗಿಸಿದ್ದಕ್ಕೆ ಮೈ ಬೆಲೆ ತೆರುತ್ತದೆ ಎಂಬುದನ್ನೂ ಹೇಳಲೇಬೇಕು. ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ, ಸ್ನಾಯು ಕರಗುತ್ತದೆ, ಇನ್ಸುಲಿನ್ ಮಾತು ಮೈ ಕೇಳದಂತಾಗಿ ಸಕ್ಕರೆ ಏರುತ್ತದೆ, ಎಲುಬು ತೆಳುವಾಗುತ್ತದೆ, ರಕ್ತ ಕಡಿಮೆಯಾಗುತ್ತದೆ. ಪಿಎಸ್‌ಎ ಸೊನ್ನೆಗೆ ಬಂತೆಂದು ಮನೆಮಂದಿ ಸಮಾಧಾನದಲ್ಲಿರುವಾಗ, ಹಿರಿಯರು ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡು ಬರುತ್ತಾರೆ. ಹಾಗಾಗಿ ಈ ಚಿಕಿತ್ಸೆಯಲ್ಲಿರುವವರಿಗೆ ಸಕ್ಕರೆ, ಕೊಲೆಸ್ಟರಾಲ್, ವಿಟಮಿನ್ ಡಿ, ಹಿಮೊಗ್ಲೋಬಿನ್, ಎಲುಬಿನ ಸಾಂದ್ರತೆ ಇವೆಲ್ಲವನ್ನೂ ನೋಡುತ್ತಿರಬೇಕು. ದಿನವೂ ನಡೆಯುವುದು, ಕೈಲಾದಷ್ಟು ಭಾರ ಎತ್ತುವುದು ಮದ್ದಿನಷ್ಟೇ ಮುಖ್ಯ. ಕ್ಯಾನ್ಸರಿನ ಅಂಕಿಯನ್ನು ಮಾತ್ರ ನೋಡಿ ರೋಗಿಯನ್ನು ನೋಡದಿರುವ ವೈದ್ಯಕೀಯ ನನಗೆ ಒಪ್ಪಿಗೆಯಿಲ್ಲ.

ಪ್ರಾಸ್ಟೇಟ್ ಊತಕ್ಕೆ ಕೊಡುವ ಒಂದು ಗುಳಿಗೆಯ ಬಗ್ಗೆಯೂ ಒಂದು ಮಾತು. ಅದರ ಹೆಸರು ಫಿನಾಸ್ಟೆರೈಡ್. ಕೆರಿಬಿಯನ್ ಸಮುದ್ರದ ಡೊಮಿನಿಕನ್ ಗಣರಾಜ್ಯದಲ್ಲಿ ಸಲಿನಾಸ್ ಎಂಬ ಹಳ್ಳಿಯಿದೆ. ಅಲ್ಲಿ ಹೆಣ್ಣೆಂದು ಬೆಳೆಸಿದ ಕೆಲವು ಮಕ್ಕಳು ಹರೆಯಕ್ಕೆ ಬಂದಾಗ ಗಂಡಾಗಿ ಬೆಳೆಯುತ್ತಿದ್ದರು. 1970ರ ದಶಕದಲ್ಲಿ ವೈದ್ಯೆ ಜೂಲಿಯಾನ್ ಇಂಪೆರಾಟೊ ಮೆಕ್‌ಗಿನ್ಲಿ ಮತ್ತು ಅವರ ತಂಡ ಇದರ ಕಾರಣ ಕಂಡುಹಿಡಿದರು. ಟೆಸ್ಟೊಸ್ಟೆರೋನನ್ನು ಅದರ ಹೆಚ್ಚು ಪ್ರಬಲ ರೂಪಕ್ಕೆ ಬದಲಿಸುವ ಕಿಣ್ವ ಆ ಮಕ್ಕಳಲ್ಲಿ ಹುಟ್ಟಿನಿಂದಲೇ ಕಡಿಮೆಯಿತ್ತು. ಅವರು ದೊಡ್ಡವರಾದ ಮೇಲೂ ಪ್ರಾಸ್ಟೇಟ್ ಪುಟ್ಟದಾಗಿಯೇ ಉಳಿಯುತ್ತಿತ್ತು. ಅದೇ ಕಿಣ್ವವನ್ನು ತಡೆಯುವ ಮದ್ದು ಫಿನಾಸ್ಟೆರೈಡ್. ಇದನ್ನು ಆರು ತಿಂಗಳಿಂದ ಒಂದು ವರ್ಷ ನುಂಗಿದವರಲ್ಲಿ ಪಿಎಸ್‌ಎ ಸುಮಾರು ಅರ್ಧಕ್ಕಿಳಿಯುತ್ತದೆ. ರಿಪೋರ್ಟಿನಲ್ಲಿ 3 ಎಂದಿದ್ದರೆ ನಾವು 6 ಎಂದು ಓದಿಕೊಳ್ಳಬೇಕು. ಕೂದಲು ಉದುರದಿರಲೆಂದು ಕೊಡುವ ಚಿಕ್ಕ ಪ್ರಮಾಣದ ಗುಳಿಗೆಯಲ್ಲಿರುವುದೂ ಇದೇ ಮದ್ದು, ಅದೂ ಪಿಎಸ್‌ಎ ಇಳಿಸುತ್ತದೆ. ಚರ್ಮದ ಡಾಕ್ಟರು ಕೊಟ್ಟದ್ದನ್ನು ಮೂತ್ರದ ಡಾಕ್ಟರಿಗೆ ಹೇಳುವ ಅಗತ್ಯವೇನು ಎಂದು ಜನ ಅಂದುಕೊಳ್ಳುತ್ತಾರೆ. ಅಗತ್ಯವಿದೆ.

ಈಗ ಕಿಡ್ನಿಯ ಕಲ್ಲು. ಕಲ್ಲಿನ ನೋವು ಅನುಭವಿಸಿದವರಿಗೆ ನಾನು ಅದನ್ನು ವರ್ಣಿಸಬೇಕಾಗಿಲ್ಲ. ಕಲ್ಲು ಪುಡಿ ಮಾಡಿಸಿಕೊಂಡು, ನೋವು ನಿಂತ ಮೇಲೆ ಅನೇಕರು ಮತ್ತೆ ಆಸ್ಪತ್ರೆಯ ಕಡೆ ತಲೆ ಹಾಕುವುದಿಲ್ಲ. ಕೆಲವು ವರ್ಷ ಬಿಟ್ಟು ಇನ್ನೊಂದು ಕಲ್ಲಿನೊಡನೆ ಬರುತ್ತಾರೆ. ಕಲ್ಲು ಆದದ್ದು ಯಾಕೆ ಎಂದು ಹುಡುಕುವ ಕೆಲಸ ಹಾಗೆಯೇ ಉಳಿದುಬಿಡುತ್ತದೆ.

ಇದರಲ್ಲಿ ನಾನು ಮರೆಯಲಾರದ ಕಥೆಯೊಂದಿದೆ. ಅಮೆರಿಕದಲ್ಲಿ ಚಾರ್ಲ್ಸ್ ಮಾರ್ಟೆಲ್ ಎಂಬ ಹಡಗಿನ ಕಪ್ತಾನನಿದ್ದ. ಎತ್ತರದ ಆಳು. ಮೊದಲ ಮಹಾಯುದ್ಧದ ನಂತರದ ವರ್ಷಗಳಲ್ಲಿ ಅವನ ಎಲುಬುಗಳು ಒಂದೊಂದಾಗಿ ಮುರಿಯತೊಡಗಿದವು, ಬೆನ್ನೆಲುಬು ಕುಸಿದು ಅವನು ಗಿಡ್ಡನಾಗುತ್ತಾ ಹೋದ, ಮೂತ್ರದಲ್ಲಿ ಕಲ್ಲಿನ ಪುಡಿ ಬರುತ್ತಿತ್ತು. ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಿತ್ತು. ಕುತ್ತಿಗೆಯಲ್ಲಿ ಥೈರಾಯ್ಡಿನ ಹಿಂದೆ ಇರುವ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳಲ್ಲಿ ಯಾವುದೋ ಒಂದು ಗೆಡ್ಡೆಯಾಗಿ, ಅದರ ಹಾರ್ಮೋನು ಎಲುಬಿನಿಂದ ಕ್ಯಾಲ್ಸಿಯಂ ಕಿತ್ತು ರಕ್ತಕ್ಕೆ ಸುರಿಯುತ್ತಿದೆ ಎಂದು ವೈದ್ಯರು ಊಹಿಸಿದರು. ಕುತ್ತಿಗೆಯನ್ನು ಮತ್ತೆ ಮತ್ತೆ ಬಿಡಿಸಿ ನೋಡಿದರೂ ಗೆಡ್ಡೆ ಸಿಗಲಿಲ್ಲ. ಕೊನೆಗೆ 1932ರಲ್ಲಿ, ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ನಡೆದ ಏಳನೆಯ ಶಸ್ತ್ರಚಿಕಿತ್ಸೆಯಲ್ಲಿ ಅದು ಎದೆಗೂಡಿನೊಳಗೆ ಸಿಕ್ಕಿತು. ಆದರೆ ಅಷ್ಟು ಹೊತ್ತಿಗೆ ಕಿಡ್ನಿಗಳು ಹಾಳಾಗಿದ್ದವು. ಕೆಲವೇ ವಾರಗಳಲ್ಲಿ, ಮೂತ್ರನಾಳದಲ್ಲಿ ಸಿಕ್ಕಿಕೊಂಡ ಕಲ್ಲಿಗೆ ಶಸ್ತ್ರಚಿಕಿತ್ಸೆಯಾದ ಬಳಿಕ ಅವನು ತೀರಿಕೊಂಡ.

ಆ ಕಪ್ತಾನನ ಕಾಲದಲ್ಲಿ ಪ್ಯಾರಾಥೈರಾಯ್ಡ್ ಹಾರ್ಮೋನನ್ನು ಅಳೆಯುವ ಉಪಾಯವಿರಲಿಲ್ಲ. ಅದನ್ನೂ ಸಾಧ್ಯ ಮಾಡಿದವರು ಯಾಲೋ ಮತ್ತು ಬರ್ಸನ್ ತಂಡದವರೇ, 1963ರಲ್ಲಿ. ಇಂದು ಪದೇ ಪದೇ ಕಲ್ಲಾಗುವವರಲ್ಲಿ ರಕ್ತದ ಕ್ಯಾಲ್ಸಿಯಂ ನೋಡುತ್ತೇವೆ, ಹೆಚ್ಚಿದ್ದರೆ ಈ ಹಾರ್ಮೋನನ್ನೂ ನೋಡುತ್ತೇವೆ. ಇಲ್ಲಿ ಒಂದು ಸೂಕ್ಷ್ಮವಿದೆ, ದಯವಿಟ್ಟು ಗಮನವಿಟ್ಟು ಕೇಳಿ. ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಾದರೆ ಆರೋಗ್ಯವಂತ ಪ್ಯಾರಾಥೈರಾಯ್ಡ್ ತನ್ನ ಹಾರ್ಮೋನನ್ನು ಬಹುತೇಕ ನಿಲ್ಲಿಸಬೇಕು. ಕ್ಯಾಲ್ಸಿಯಂ ಹೆಚ್ಚಿದ್ದೂ ಹಾರ್ಮೋನ್ “ನಾರ್ಮಲ್” ಎಂದು ಅಚ್ಚಾಗಿದ್ದರೆ ಅದು ನಾರ್ಮಲ್ ಅಲ್ಲವೇ ಅಲ್ಲ, ಗ್ರಂಥಿ ಹತೋಟಿ ಮೀರಿದೆ ಎಂಬುದರ ಸೂಚನೆ. ಲ್ಯಾಬಿನ ಯಂತ್ರಕ್ಕೆ ಇದು ಗೊತ್ತಾಗುವುದಿಲ್ಲ. ಅದು ಪ್ರತಿ ಅಂಕಿಗೂ ಬೇರೆ ಬೇರೆಯಾಗಿ ಗೆರೆ ಹಾಕುತ್ತದೆ. ಕ್ಯಾಲ್ಸಿಯಂ ಹೆಚ್ಚಿದ್ದು ಹಾರ್ಮೋನ್ ನೆಲಕಚ್ಚಿದ್ದರೆ ಬೇರೆ ಕಡೆ ಹುಡುಕಬೇಕು. ಅಂಥವರಲ್ಲಿ ಕೆಲವರು ವಿಟಮಿನ್ ಡಿ 60,000 ಯೂನಿಟ್ಟಿನ ಪುಡಿಯನ್ನೋ ಮಾತ್ರೆಯನ್ನೋ ಎಂಟು ವಾರಕ್ಕೆಂದು ಬರೆದುಕೊಟ್ಟದ್ದನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ತಾವೇ ಕೊಂಡು ನುಂಗಿರುತ್ತಾರೆ.

ಇನ್ನು ಇಡೀ ದಿನದ, ಅಂದರೆ 24 ಗಂಟೆಯ ಮೂತ್ರ ಪರೀಕ್ಷೆ. ಪದೇ ಪದೇ ಕಲ್ಲಾಗುವವರಿಗೆ ಇದಕ್ಕಿಂತ ಉಪಯುಕ್ತವಾದ ಪರೀಕ್ಷೆ ಇಲ್ಲ, ಇಷ್ಟು ಕೆಟ್ಟದಾಗಿ ಮಾಡಿಸಿಕೊಳ್ಳುವ ಪರೀಕ್ಷೆಯೂ ಇಲ್ಲ. ಲ್ಯಾಬಿನವರು ಒಂದು ದೊಡ್ಡ ಕ್ಯಾನ್ ಕೊಡುತ್ತಾರೆ. ಬೆಳಿಗ್ಗೆ ಎದ್ದ ಕೂಡಲೇ ಮಾಡುವ ಮೊದಲ ಮೂತ್ರವನ್ನು ಬಚ್ಚಲಿಗೆ ಬಿಡಿ, ಸಮಯ ಬರೆದಿಡಿ. ಅಲ್ಲಿಂದ ಮುಂದೆ ಹಗಲು ರಾತ್ರಿ ಮಾಡಿದ ಪ್ರತಿ ಹನಿಯೂ ಕ್ಯಾನಿಗೆ ಬೀಳಬೇಕು. ಮರುದಿನ ಅದೇ ಸಮಯಕ್ಕೆ ಮಾಡುವ ಮೊದಲ ಮೂತ್ರವೂ ಸೇರಬೇಕು. ಕ್ಯಾನಿನೊಳಗೆ ಆಸಿಡ್ ಹಾಕಿರಬಹುದು, ನೇರವಾಗಿ ಅದರೊಳಗೆ ಮಾಡದೆ ಬೇರೆ ಪಾತ್ರೆಯಲ್ಲಿ ಹಿಡಿದು ಸುರಿಯಿರಿ, ಮಕ್ಕಳ ಕೈಗೆ ಸಿಗದ ತಂಪಾದ ಜಾಗದಲ್ಲಿಡಿ. ಪರೀಕ್ಷೆಯೆಂದು ಅಂದು ಮಾತ್ರ ಕೊಡಗಟ್ಟಲೆ ನೀರು ಕುಡಿದು ಪಥ್ಯ ಮಾಡಬೇಡಿ. ಯಾವಾಗಲೂ ಉಣ್ಣುವುದನ್ನೇ ಉಣ್ಣಿ, ಯಾವಾಗಲೂ ಮಾಡುವ ಕೆಲಸವನ್ನೇ ಮಾಡಿ. ಕಲ್ಲಿನ ನೋವಿನಲ್ಲಿ ಆಸ್ಪತ್ರೆಯಲ್ಲಿದ್ದಾಗ ಮಾಡಿಸಿದರೆ ಉಪಯೋಗವಿಲ್ಲ, ಗುಣವಾಗಿ ಒಂದು ತಿಂಗಳಾದರೂ ಕಳೆಯಲಿ. ಮಧ್ಯೆ ಎಲ್ಲೋ ಮೂತ್ರ ತಪ್ಪಿಹೋದರೆ ನಮಗೆ ಗೊತ್ತಾಗುತ್ತದೆ, ಏಕೆಂದರೆ ಅದರಲ್ಲಿ ಸ್ನಾಯುಗಳಿಂದ ಬರುವ ಕ್ರಿಯಾಟಿನಿನ್ ಎಂಬ ಪದಾರ್ಥವನ್ನೂ ಅಳೆಯುತ್ತೇವೆ. ದಿನಕ್ಕೆ ಎಷ್ಟು ಕ್ರಿಯಾಟಿನಿನ್ ಬರಬೇಕೆಂಬುದನ್ನು ನಿಮ್ಮ ತೂಕದಿಂದ ಅಂದಾಜು ಮಾಡಬಹುದು.

ಆ ಕ್ಯಾನು ಏನೇನು ಹೇಳುತ್ತದೆ? ಮೊದಲನೆಯದಾಗಿ ಎಷ್ಟು ಮೂತ್ರ ಎಂಬುದೇ ದೊಡ್ಡ ಸುದ್ದಿ. ಕಲ್ಲಾಗುವವರು ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಮಾಡುವಷ್ಟು ನೀರು ಕುಡಿಯಬೇಕು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಹೊಲದಲ್ಲಿ ದುಡಿಯುವವರಿಗೆ, ಬಸ್ ಓಡಿಸುವವರಿಗೆ, ಶಾಲೆಯಲ್ಲಿ ಸರಿಯಾದ ಶೌಚಾಲಯವಿಲ್ಲವೆಂದು ನೀರನ್ನೇ ಕುಡಿಯದ ಶಿಕ್ಷಕಿಯರಿಗೆ ಇದು ಸುಲಭವಲ್ಲ ಎಂಬುದು ನನಗೆ ಗೊತ್ತು. ಎರಡನೆಯದು ಸೋಡಿಯಂ. ತಿಂದ ಉಪ್ಪು ಬಹುಪಾಲು ಮೂತ್ರದಲ್ಲೇ ಹೊರಬರುತ್ತದೆ, ಬರುವಾಗ ಕ್ಯಾಲ್ಸಿಯಮನ್ನೂ ಎಳೆದು ತರುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿ ತಿಂಡಿ ಎಲ್ಲದರ ಲೆಕ್ಕವೂ ಅಲ್ಲಿರುತ್ತದೆ. ದಿನಕ್ಕೆ 5 ಗ್ರಾಂ ಒಳಗೆ ಉಪ್ಪು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಲ್ಲಿನವರಿಗಂತೂ ಅದು ಖಂಡಿತ ಬೇಕು.

ಕಲ್ಲಿನಲ್ಲಿ ಕ್ಯಾಲ್ಸಿಯಂ ಇದೆ ಎಂದು ಹಾಲು, ಮೊಸರು, ರಾಗಿ ಬಿಟ್ಟವರು ನನ್ನ ಬಳಿ ಬರುತ್ತಲೇ ಇರುತ್ತಾರೆ. ದಯವಿಟ್ಟು ಬಿಡಬೇಡಿ. ಊಟದ ಜೊತೆ ಹೋದ ಕ್ಯಾಲ್ಸಿಯಂ ಕಲ್ಲಿನ ಇನ್ನೊಂದು ಪಾಲಾದ ಆಕ್ಸಲೇಟನ್ನು ಕರುಳಿನಲ್ಲೇ ಹಿಡಿದುಕೊಂಡು ಮಲದಲ್ಲಿ ಹೊರಹೋಗುತ್ತದೆ. ಹಾಲು ಮೊಸರು ಬಿಟ್ಟರೆ ಆ ಆಕ್ಸಲೇಟ್ ಮೂತ್ರಕ್ಕೆ ಬರುತ್ತದೆ. 2002ರಲ್ಲಿ ಇಟಲಿಯ ಬೊರ್ಗಿ ಮತ್ತು ಸಂಗಡಿಗರು ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದ 120 ಗಂಡಸರ ಮೇಲೆ ಮಾಡಿದ ಅಧ್ಯಯನ ಪ್ರಕಟವಾಯಿತು. ಕ್ಯಾಲ್ಸಿಯಂ ಕಡಿಮೆ ತಿಂದ ಗುಂಪಿಗಿಂತ, ಕ್ಯಾಲ್ಸಿಯಂ ಸಾಮಾನ್ಯವಾಗಿಟ್ಟು ಉಪ್ಪು ಮತ್ತು ಮಾಂಸವನ್ನು ಕಡಿಮೆ ಮಾಡಿದ ಗುಂಪಿನಲ್ಲಿ ಐದು ವರ್ಷದಲ್ಲಿ ಕಲ್ಲು ಮರುಕಳಿಸಿದ್ದು ಸುಮಾರು ಅರ್ಧದಷ್ಟು ಮಾತ್ರ. ಆಕ್ಸಲೇಟ್ ಹೆಚ್ಚಿದ್ದವರು ಪಾಲಕ್ ಸೊಪ್ಪನ್ನು ಮಿತಗೊಳಿಸಬೇಕು. ಇದೇ ಆಕ್ಸಲೇಟಿನ ವಿಷಯದಲ್ಲಿ ಕರಾವಳಿಯವರಿಗೆ ಇನ್ನೊಂದು ಎಚ್ಚರಿಕೆ: ಬಿಂಬುಳಿಯ ರಸ. ಕೊಲೆಸ್ಟರಾಲ್ ಇಳಿಸಲು ಒಳ್ಳೆಯದೆಂದು ಅದರ ದಟ್ಟ ರಸ ಕುಡಿದು ಕಿಡ್ನಿ ಏಕಾಏಕಿ ಕೈಕೊಟ್ಟವರ ಬಗ್ಗೆ ಕೇರಳದ ವೈದ್ಯರು 2013ರಲ್ಲಿ ವರದಿ ಮಾಡಿದ್ದಾರೆ. ಸಾರಿಗೋ ಚಟ್ನಿಗೋ ಒಂದೆರಡು ಕಾಯಿ ಹಾಕುವುದು ಬೇರೆ, ಲೋಟಗಟ್ಟಲೆ ಕುಡಿಯುವುದು ಬೇರೆ.

ಸಿಟ್ರೇಟ್ ಕಲ್ಲು ಕಟ್ಟುವುದನ್ನು ತಡೆಯುತ್ತದೆ. ಕಡಿಮೆಯಿದ್ದವರಿಗೆ ನಿಂಬೆರಸದಿಂದ ಸ್ವಲ್ಪ, ಪೊಟ್ಯಾಸಿಯಂ ಸಿಟ್ರೇಟ್ ಮದ್ದಿನಿಂದ ಹೆಚ್ಚು ಪ್ರಯೋಜನವಾಗುತ್ತದೆ. ಯೂರಿಕ್ ಆಸಿಡ್ ಕಲ್ಲಿನ ವಿಷಯ ಸಕ್ಕರೆ ಕಾಯಿಲೆಯವರು ತಿಳಿದಿರಬೇಕು. ಇನ್ಸುಲಿನ್ ಸರಿಯಾಗಿ ಹತ್ತದ ಮೈಯಲ್ಲಿ ಕಿಡ್ನಿ ಅಮೋನಿಯಾ ತಯಾರಿಸುವುದು ಕಡಿಮೆಯಾಗಿ ಮೂತ್ರ ಹುಳಿಯಾಗುತ್ತದೆ. ಹುಳಿ ಹೆಚ್ಚಿದಷ್ಟೂ ಕೆಳಗಿಳಿಯುವ ಅದರ ಪಿಎಚ್ 5.5ರ ಕೆಳಗಿದ್ದರೆ ಯೂರಿಕ್ ಆಸಿಡ್ ಕರಗದೆ ಕಲ್ಲಾಗುತ್ತದೆ. ಸಾಮಾನ್ಯ ಎಕ್ಸ್‌ರೇಯಲ್ಲಿ ಕಾಣದ ಈ ಕಲ್ಲಿಗೆ ಒಂದು ಒಳ್ಳೆಯ ಗುಣವಿದೆ. ಮೂತ್ರದ ಹುಳಿ ತಗ್ಗಿಸಿ ಪಿಎಚ್ 6ರಿಂದ 6.5ರಲ್ಲಿ ಇಟ್ಟರೆ ಎಷ್ಟೋ ಸಲ ತಾನಾಗಿ ಕರಗುತ್ತದೆ. ರೋಗಿಯೇ ಮನೆಯಲ್ಲಿ ಬಣ್ಣ ಬದಲಾಗುವ ಕಾಗದದ ಪಟ್ಟಿ ಅದ್ದಿ ನೋಡಿಕೊಳ್ಳಬಹುದು. ಹಾಗೆಂದು ಮದ್ದು ಹೆಚ್ಚಿಸುತ್ತಾ 7 ದಾಟಿಸಬಾರದು, ಆಗ ಬೇರೆ ಜಾತಿಯ ಕಲ್ಲು ಕಟ್ಟುತ್ತದೆ. ಮದ್ದು ಶುರುಮಾಡಿ ಆರು ತಿಂಗಳೊಳಗೆ 24 ಗಂಟೆಯ ಪರೀಕ್ಷೆ ಇನ್ನೊಮ್ಮೆ ಆಗಬೇಕು. ಮೊದಲನೆಯದನ್ನು ಮಾತ್ರ ಮಾಡಿಸಿ ನಿಲ್ಲಿಸಿದರೆ ಮದ್ದು ಕೆಲಸ ಮಾಡಿತೇ ಇಲ್ಲವೇ ಎಂದು ತಿಳಿಯುವುದೇ ಇಲ್ಲ. ಬಾಳೆದಿಂಡಿನ ರಸ ಕುಡಿಯಲೇ ಎಂದು ಕೇಳುತ್ತಾರೆ. ಪಲ್ಯ ಮಾಡಿ ತಿನ್ನಿ, ಸಂತೋಷ. ಅದನ್ನು ನಂಬಿ ಪರೀಕ್ಷೆ ಮತ್ತು ಮದ್ದು ಬಿಡಬೇಡಿ.

ಸಕ್ಕರೆಯ ಮಾತು ಬಂದದ್ದರಿಂದ ಹರೆಯದವರಿಗೂ ನಡುವಯಸ್ಸಿನವರಿಗೂ ಒಂದು ವಿಷಯ. ತೂಕ ಹೆಚ್ಚಿ, ಸಕ್ಕರೆ ಏರಿದ ಗಂಡಸರಲ್ಲಿ ಟೆಸ್ಟೊಸ್ಟೆರೋನ್ ಕಡಿಮೆ ಕಾಣುವುದು ಸಾಮಾನ್ಯ. ಈ ಹಾರ್ಮೋನು ಬೆಳಿಗ್ಗೆ ಹೆಚ್ಚಿರುತ್ತದೆ, ಸಂಜೆಗೆ ಇಳಿಯುತ್ತದೆ, ಜ್ವರ ಬಂದರೂ ಇಳಿಯುತ್ತದೆ. ಆದ್ದರಿಂದ ಎರಡು ಬೇರೆ ಬೇರೆ ದಿನ, ಬೆಳಗಿನ ಹೊತ್ತು ನೋಡದೆ ಕೊರತೆ ಎಂದು ಹೇಳುವಂತಿಲ್ಲ. ಎಷ್ಟೋ ಜನರಿಗೆ ತೂಕ ಇಳಿದರೆ ಅದು ತಾನೇ ಏರುತ್ತದೆ. ಜಿಮ್ಮಿನಲ್ಲಿ ಯಾರೋ ಹೇಳಿದರೆಂದು ಟೆಸ್ಟೊಸ್ಟೆರೋನ್ ಇಂಜೆಕ್ಷನ್ ಚುಚ್ಚಿಸಿಕೊಳ್ಳುವ ಹುಡುಗರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಹೊರಗಿನಿಂದ ಹಾರ್ಮೋನ್ ಬಂದರೆ ಮೆದುಳು ವೃಷಣಕ್ಕೆ ಆಜ್ಞೆ ಕಳಿಸುವುದನ್ನು ನಿಲ್ಲಿಸುತ್ತದೆ, ವೀರ್ಯಾಣುಗಳ ತಯಾರಿ ನಿಂತುಹೋಗುತ್ತದೆ. ಮದುವೆಯಾಗಿ ಮಕ್ಕಳಿಗಾಗಿ ಬಂದಾಗಷ್ಟೇ ಇದು ಹೊರಬೀಳುತ್ತದೆ. ನಿಜವಾಗಿ ಕೊರತೆಯಿದ್ದು ವೈದ್ಯರೇ ಕೊಟ್ಟಾಗಲೂ ರಕ್ತ ಗಟ್ಟಿಯಾಗದಂತೆ ಹಿಮಟೊಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ನೋಡುತ್ತಿರಬೇಕು. ಅದು ಶೇಕಡಾ 54 ದಾಟಿದರೆ ಮದ್ದು ನಿಲ್ಲಿಸುತ್ತೇವೆ. ನಿಮಿರುವಿಕೆಯ ತೊಂದರೆಯನ್ನು ಮುಚ್ಚಿಡುವ ಗಂಡಸರಿಗೂ ಒಂದು ಮಾತು: ಅನೇಕರಲ್ಲಿ ಅದು ಹೃದಯದ ರಕ್ತನಾಳದ ಕಾಯಿಲೆಯ ಮುನ್ಸೂಚನೆ. ಬನ್ನಿ, ಸಕ್ಕರೆ, ರಕ್ತದೊತ್ತಡ, ಕೊಲೆಸ್ಟರಾಲ್ ನೋಡೋಣ.

ಒಂಟಿ ಅಂಕಿ ದಾರಿ ತಪ್ಪಿಸುವುದು ಬೇರೆ ಪರೀಕ್ಷೆಗಳಲ್ಲೂ ಉಂಟು. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಕೂಡ ಕಬ್ಬಿಣದ ಕೊರತೆಯಿದ್ದವರಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯವೆಂದು ನಿಮಗೇ ಗೊತ್ತು. ಕಿಡ್ನಿಯ ಸ್ಥಿತಿ ತಿಳಿಯಲು ರಕ್ತದಲ್ಲಿ ನೋಡುವ ಕ್ರಿಯಾಟಿನಿನ್ ಕೂಡ ಹಾಗೆಯೇ. ಸ್ನಾಯು ಕರಗಿದ ಅಜ್ಜಿಯಲ್ಲಿ ಕಿಡ್ನಿ ಕೆಟ್ಟಿದ್ದರೂ ಅದು ಸರಿಯಾಗಿಯೇ ಕಾಣಬಹುದು.

ಕೊನೆಯದಾಗಿ ಒಂದು ಕೋರಿಕೆ. ಕೂದಲಿಗೆ, ಉಗುರಿಗೆ ಒಳ್ಳೆಯದೆಂದು ಬಯೋಟಿನ್ ಮಾತ್ರೆ ನುಂಗುವವರು ಈಗ ಮನೆಮನೆಯಲ್ಲೂ ಇದ್ದಾರೆ. ಹಲವು ಲ್ಯಾಬ್ ಯಂತ್ರಗಳು ಹಾರ್ಮೋನ್ ಅಳೆಯಲು ಬಯೋಟಿನ್ನನ್ನೇ ಬಳಸುತ್ತವೆ. ರಕ್ತದಲ್ಲಿ ಅದು ತುಂಬಿಕೊಂಡಿದ್ದರೆ ಅಂಥ ಯಂತ್ರದಲ್ಲಿ ಪಿಎಸ್‌ಎ, ಪ್ಯಾರಾಥೈರಾಯ್ಡ್ ಹಾರ್ಮೋನ್ ಸುಳ್ಳಾಗಿ ಕಡಿಮೆ, ಟೆಸ್ಟೊಸ್ಟೆರೋನ್ ಸುಳ್ಳಾಗಿ ಹೆಚ್ಚು ಬರಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಇದರ ಬಗ್ಗೆ ಎಚ್ಚರಿಸಿದೆ. ಆದ್ದರಿಂದ ಮುಂದಿನ ಸಲ ರಕ್ತ ಕೊಡುವ ಮೊದಲು ನೀವು ನುಂಗುವ, ಕುಡಿಯುವ, ಚುಚ್ಚಿಸಿಕೊಳ್ಳುವ ಎಲ್ಲವನ್ನೂ, ಕೂದಲಿನ ಮಾತ್ರೆ, ಜಿಮ್ಮಿನ ಪುಡಿ, ನಾಟಿ ಕಷಾಯ ಯಾವುದನ್ನೂ ಬಿಡದೆ, ಒಂದು ಚೀಟಿಯಲ್ಲಿ ಬರೆದು ನಿಮ್ಮ ವೈದ್ಯರ ಕೈಗೆ ಕೊಡಿ. ಅವರು ಕೇಳದಿದ್ದರೂ ಕೊಡಿ.